ಡಯಾಲಿಸಿಸ್‌ನವರ ಮಾತ್ರೆ ಚೀಲ: ಹಾರ್ಮೋನು, ಸಕ್ಕರೆ, ಮೂಳೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈಯ ಪೂರ್ವ ಉಪನಗರದ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ಟೆಕ್ನಿಷಿಯನ್. ಮನೆ ಡೊಂಬಿವಲಿ. ನಮ್ಮಲ್ಲಿಗೆ ಬರುವ ಕನ್ನಡದವರಲ್ಲಿ ಉಡುಪಿ, ಕುಂದಾಪುರದಿಂದ ಬಂದು ಹೋಟೆಲಿನಲ್ಲೇ ಆಯುಷ್ಯ ಕಳೆದವರಿದ್ದಾರೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡಿದವರೂ ಇದ್ದಾರೆ. ಡಾಕ್ಟರು ರೌಂಡಿಗೆ ಬಂದಾಗ ಹಿಂದಿಯಲ್ಲೋ ಮರಾಠಿಯಲ್ಲೋ ಹೇಳುತ್ತಾರೆ. ಇವರು "ಹಾಂ, ಹಾಂ" ಎಂದು ತಲೆ ಆಡಿಸುತ್ತಾರೆ. ಡಾಕ್ಟರು ಆಚೆ ಹೋದ ಕೂಡಲೇ ನನ್ನನ್ನು ಕರೆದು, "ಅವರು ಏನಂದ್ರು ಮಾರಾಯ್ರೆ?" ಅಂತ ಶುರು. ಹಾಗೆ ಬಂದ ಪ್ರಶ್ನೆಗಳೇ ಇವು. ಡೋಸ್ ಏರಿಸುವುದು, ಇಳಿಸುವುದು ನಿಮ್ಮ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ಡಾಕ್ಟರ ಕೆಲಸ. ಆ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ, ಎಲ್ಲಿ ಎಡವಟ್ಟಾಗುತ್ತದೆ ಎಂಬುದಷ್ಟೇ ನಾನು ಹೇಳುವುದು.

ಮಷೀನು ರಕ್ತ ತೊಳೆಯುತ್ತದಲ್ಲ, ಮತ್ತೆ ಇಷ್ಟೊಂದು ಮಾತ್ರೆ ಯಾಕೆ?

ಮಾಟುಂಗಾದಲ್ಲಿ ಹೋಟೆಲು ನಡೆಸಿದ್ದ ಒಬ್ಬ ಅಜ್ಜನಿಗೆ ನಾನು ಹೀಗೆ ಹೇಳಿದ್ದೆ. ಕಿಡ್ನಿ ಅಂದರೆ ನಿಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನೂ ಅವನೇ, ಅಡುಗೆ ಭಟ್ಟನೂ ಅವನೇ, ಗಲ್ಲಾದಲ್ಲಿ ಕೂತು ಲೆಕ್ಕ ನೋಡುವವನೂ ಅವನೇ. ಅವನು ಕೆಲಸ ಬಿಟ್ಟು ಹೋದ. ಬದಲಿಗೆ ಬಂದ ಮಷೀನಿಗೆ ಪಾತ್ರೆ ತೊಳೆಯುವುದು ಮಾತ್ರ ಗೊತ್ತು. ಅದೂ ವಾರಕ್ಕೆ 168 ಗಂಟೆಯಲ್ಲಿ 12 ಗಂಟೆ.

ಮಿಕ್ಕ ಕೆಲಸ ಯಾವುದು? ರಕ್ತ ಹುಟ್ಟಿಸು ಎಂದು ಮೂಳೆಯ ಮಜ್ಜೆಗೆ ಹೇಳುವ ಎರಿತ್ರೋಪೊಯಿಟಿನ್ ಎಂಬ ಹಾರ್ಮೋನು ಕಿಡ್ನಿಯಿಂದಲೇ ಬರಬೇಕು. ವಿಟಮಿನ್ ಡಿಗೆ ಕೊನೆಯ ಹದ ಕೊಟ್ಟು ಅದನ್ನು ಕೆಲಸಕ್ಕೆ ಹಚ್ಚುವುದೂ ಕಿಡ್ನಿಯೇ. ಇನ್ಸುಲಿನ್, ಪ್ರೊಲ್ಯಾಕ್ಟಿನ್‌ನಂಥ ಹಾರ್ಮೋನುಗಳ ಕೆಲಸ ಮುಗಿದ ಮೇಲೆ ಅವನ್ನು ಒಡೆದು ಹೊರಗೆ ಹಾಕುವುದೂ ಅದೇ. ಇದೆಲ್ಲ ಒಟ್ಟಿಗೆ ನಿಂತುಹೋದಾಗ ಒಂದೊಂದಕ್ಕೂ ಒಂದೊಂದು ಮಾತ್ರೆ, ಇಂಜೆಕ್ಷನ್ ಬರುತ್ತದೆ. ತೊಂದರೆ ಏನೆಂದರೆ, ಒಂದು ಮಾತ್ರೆ ಇನ್ನೊಂದರ ಕಾಲು ಎಳೆಯುತ್ತದೆ. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅದರ ಕಥೆಯೇ.

ರಕ್ತದ ಇಂಜೆಕ್ಷನ್ ತಗೊಂಡ ಮೇಲೆ ಬಿಪಿ ಏರಿತು. ಬಿಟ್ಟುಬಿಡಲಾ?

ಬಿಡಬೇಡಿ, ಹೇಳಿ. ನೀವೆಲ್ಲ ರಕ್ತದ ಇಂಜೆಕ್ಷನ್ ಎನ್ನುವುದು ಎರಿತ್ರೋಪೊಯಿಟಿನ್. 1989ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲು ಒಪ್ಪಿಗೆ ಸಿಕ್ಕಿತು. ಅದಕ್ಕೂ ಮುಂಚೆ ಡಯಾಲಿಸಿಸ್‌ನವರಿಗೆ ಮತ್ತೆ ಮತ್ತೆ ರಕ್ತ ಏರಿಸಬೇಕಿತ್ತು. ಹಾಗೆ ಏರಿಸಿ ಏರಿಸಿ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುತ್ತಿತ್ತು. ಮುಂದೆ ಕಿಡ್ನಿ ಕಸಿಗೂ ಅಡ್ಡಿ ಬರುತ್ತಿತ್ತು. ಹಾಗಾಗಿ ಈ ಇಂಜೆಕ್ಷನ್ ದೊಡ್ಡ ಉಪಕಾರವೇ.

ಆದರೆ ರಕ್ತ ಬೇಗ ಬೇಗ ಏರಿದರೆ ಬಿಪಿಯೂ ಏರುತ್ತದೆ. ತಲೆನೋವು ಬರುತ್ತದೆ. ಅಪರೂಪಕ್ಕೆ ಫಿಟ್ಸ್ ಬಂದವರೂ ಇದ್ದಾರೆ. "ಹಿಮೋಗ್ಲೋಬಿನ್ 11 ಆಯ್ತಲ್ಲ, 14 ಮಾಡಿ ಸಾರ್, ನನ್ನ ತಮ್ಮನಿಗೆ 15 ಇದೆ" ಎಂದು ಹಟ ಹಿಡಿಯುವವರನ್ನು ನೋಡಿದ್ದೇನೆ. ತಮ್ಮನ ಲೆಕ್ಕ ಇಲ್ಲಿ ನಡೆಯುವುದಿಲ್ಲ. 2006 ಮತ್ತು 2009ರಲ್ಲಿ ಬಂದ ದೊಡ್ಡ ಅಧ್ಯಯನಗಳಲ್ಲಿ ಕಿಡ್ನಿ ಕಾಯಿಲೆಯವರಿಗೆ ಈ ಔಷಧ ಕೊಟ್ಟು ಹಿಮೋಗ್ಲೋಬಿನ್ 13ಕ್ಕೆ ಅಥವಾ ಅದರ ಆಚೆಗೆ ಒಯ್ಯಲು ನೋಡಿದರು. ಲಾಭ ಕಾಣಲಿಲ್ಲ. ಹೃದಯದ ತೊಂದರೆ, ಪಾರ್ಶ್ವವಾಯು ಜಾಸ್ತಿ ಕಂಡವು. ಅಂದಿನಿಂದ ಡಾಕ್ಟರುಗಳು ಸುಮಾರು 10ರಿಂದ 11.5ರ ಒಳಗೆ ನಿಲ್ಲಿಸಲು ನೋಡುತ್ತಾರೆ.

ಇಂಜೆಕ್ಷನ್ ತಗೊಂಡರೂ ರಕ್ತ ಏರುತ್ತಿಲ್ಲವೇ? ಮೊದಲು ಕಬ್ಬಿಣ ನೋಡಿಸಿ. ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಎರಡು ಟೆಸ್ಟು. ಹಿಟ್ಟೇ ಇಲ್ಲದೆ ಭಟ್ಟನಿಗೆ ದೋಸೆ ಹುಯ್ಯಿ ಎಂದರೆ ಏನು ಮಾಡಿಯಾನು? ಒಳಗೆ ಎಲ್ಲೋ ಸೋಂಕು ಇದ್ದರೂ, ಪಿಟಿಎಚ್ ಎಂಬ ಹಾರ್ಮೋನು (ಅದರ ಕಥೆ ಮುಂದಿದೆ) ಬಹಳ ಏರಿದ್ದರೂ ಇಂಜೆಕ್ಷನ್ ಸರಿಯಾಗಿ ಹತ್ತುವುದಿಲ್ಲ.

ಇಂಜೆಕ್ಷನ್ ಬದಲು ಈಗ ಮಾತ್ರೆ ಬಂದಿದೆಯಂತೆ, ಹೌದಾ?

ಹೌದು. ಡೆಸಿಡುಸ್ಟಾಟ್ ಎಂಬ ಮಾತ್ರೆಗೆ ಭಾರತದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ತಯಾರಿಸಿದ್ದು ಅಹಮದಾಬಾದಿನ ಜೈಡಸ್ ಕಂಪನಿ. ಇದು ಹೊರಗಿನಿಂದ ಹಾರ್ಮೋನು ಕೊಡುವುದಿಲ್ಲ. ಆಮ್ಲಜನಕ ಕಮ್ಮಿಯಾಗಿದೆ ಎಂದು ದೇಹಕ್ಕೆ ಅನ್ನಿಸುವಂತೆ ಮಾಡುತ್ತದೆ. ಆಗ ದೇಹ ತಾನೇ ಉಳಿದಲ್ಲಿಂದ ಎರಿತ್ರೋಪೊಯಿಟಿನ್ ಹೊರಡಿಸುತ್ತದೆ. ಕಬ್ಬಿಣವನ್ನು ಕಟ್ಟಿಹಾಕುವ ಹೆಪ್ಸಿಡಿನ್ ಕೂಡ ಇಳಿಯುತ್ತದೆ. ಜೀವಕೋಶಕ್ಕೆ ಆಮ್ಲಜನಕದ ಕೊರತೆ ಹೇಗೆ ತಿಳಿಯುತ್ತದೆ ಎಂದು ಕಂಡುಹಿಡಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಅದೇ ವಿದ್ಯೆಯ ಮೇಲೆ ಈ ಮಾತ್ರೆ ನಿಂತಿದೆ. ಎಲ್ಲರಿಗೂ ಹೊಂದುವುದಿಲ್ಲ. ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇದ್ದವರು, ಕ್ಯಾನ್ಸರ್ ಇದ್ದವರು ಮುಂಚೆಯೇ ಹೇಳಬೇಕು.

ನನಗೆ ಇಪ್ಪತ್ತು ವರ್ಷದ ಶುಗರ್. ಡಯಾಲಿಸಿಸ್ ಶುರುವಾದ ಮೇಲೆ ಮಾಯ! ವಾಸಿಯಾಯ್ತಾ?

ಈ ಪ್ರಶ್ನೆ ಕೇಳುವಾಗ ಎಲ್ಲರ ಮುಖದಲ್ಲೂ ಒಂದು ಸಣ್ಣ ನಗು ಇರುತ್ತದೆ. ಅದನ್ನು ಅಳಿಸಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಹೇಳಲೇಬೇಕು. ವಾಸಿಯಾಗಿಲ್ಲ.

ಚುಚ್ಚಿಕೊಂಡ ಇನ್ಸುಲಿನ್ನಿನ ದೊಡ್ಡ ಪಾಲನ್ನು ಕಿಡ್ನಿ ಒಡೆದು ಹಾಕುತ್ತಿತ್ತು. ಈಗ ಒಡೆಯುವವರಿಲ್ಲ. ಬೆಳಿಗ್ಗೆ ಚುಚ್ಚಿದ್ದು ರಾತ್ರಿಯವರೆಗೂ ಮೈಯಲ್ಲಿ ಸುತ್ತುತ್ತದೆ. ಹಸಿವು ಕಮ್ಮಿ, ತೂಕ ಇಳಿದಿದೆ. ಮೊದಲು ಸಕ್ಕರೆ ತಯಾರಿಸಲು ಕಿಡ್ನಿಯೂ ಸ್ವಲ್ಪ ಕೈಹಾಕುತ್ತಿತ್ತು, ಅದೂ ನಿಂತಿದೆ. ಹಾಗಾಗಿ ಹಳೇ ಡೋಸು ಈಗ ಜಾಸ್ತಿಯಾಗುತ್ತದೆ. ಎಷ್ಟೋ ಜನರಿಗೆ ಇನ್ಸುಲಿನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೆಲವರಿಗೆ ಪೂರ್ತಿ ನಿಂತೂ ಹೋಗುತ್ತದೆ. ಡಾಕ್ಟರು ಇಳಿಸುವ ಮೊದಲೇ ಶುಗರ್ 50ಕ್ಕೆ ಬಿದ್ದು ಬೆಳಗಿನ ಜಾವ ಬೆವರಿ ಎದ್ದವರನ್ನು ನಾನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಮಾತ್ರೆಗಳ ವಿಷಯವೂ ಹಾಗೇ. ಮೆಟ್‌ಫಾರ್ಮಿನ್ ಡಯಾಲಿಸಿಸ್‌ನವರಿಗೆ ಬೇಡವೇ ಬೇಡ. ಮೈಯಲ್ಲಿ ಉಳಿದು ಲ್ಯಾಕ್ಟಿಕ್ ಆಮ್ಲ ಏರಿಸುತ್ತದೆ, ಜೀವಕ್ಕೇ ಅಪಾಯ. ಗ್ಲಿಬೆನ್‌ಕ್ಲಮೈಡ್ ಹಳೇ ಕಾಲದ ಅಗ್ಗದ ಮಾತ್ರೆ, ಊರಿನ ಚೀಟಿಗಳಲ್ಲಿ ಇನ್ನೂ ಕಾಣುತ್ತದೆ. ಅದು ಒಂದು ಸಲ ಶುಗರ್ ಕೆಡವಿದರೆ ಗಂಟೆಗಟ್ಟಲೆ ಏಳಲು ಬಿಡುವುದಿಲ್ಲ. ಲಿನಗ್ಲಿಪ್ಟಿನ್ ಕಿಡ್ನಿಯಿಂದ ಹೊರಗೆ ಹೋಗುವಂಥದ್ದಲ್ಲ, ಹಾಗಾಗಿ ಡೋಸ್ ಬದಲಿಸಬೇಕಾಗಿಲ್ಲ. ಸಿಟಗ್ಲಿಪ್ಟಿನ್, ವಿಲ್ಡಗ್ಲಿಪ್ಟಿನ್ ಆದರೆ ಡೋಸ್ ಇಳಿಸಬೇಕು. ಊರಿನ ಹಳೇ ಚೀಟಿ ಹಿಡಿದು ಮೆಡಿಕಲ್‌ಗೆ ಹೋಗಬೇಡಿ ಎಂದು ಇದಕ್ಕೇ ಹೇಳುವುದು.

ಮೂರು ತಿಂಗಳ ಶುಗರ್ ಟೆಸ್ಟು 5.8 ಬಂದಿದೆ. ಅದು ಸುಳ್ಳು ಹೇಳುತ್ತದೆಯೇ?

ಪೂರ್ತಿ ಸುಳ್ಳಲ್ಲ, ಆದರೆ ನಂಬಿ ಕೂರುವಂತೆಯೂ ಇಲ್ಲ. ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂಬ ಲೆಕ್ಕ. ಆರೋಗ್ಯವಂತರಲ್ಲಿ ಕಣ ಸುಮಾರು 120 ದಿನ ಬದುಕುತ್ತದೆ. ಡಯಾಲಿಸಿಸ್‌ನವರಲ್ಲಿ ಅದಕ್ಕಿಂತ ಬೇಗ ಸಾಯುತ್ತದೆ. ಅದರ ಮೇಲೆ ಎರಿತ್ರೋಪೊಯಿಟಿನ್ ಕೊಟ್ಟು ಹೊಸ ಹೊಸ ಕಣ ಹುಟ್ಟಿಸುತ್ತೇವೆ. ನಿನ್ನೆ ಹುಟ್ಟಿದ ಕಣಕ್ಕೆ ಸಕ್ಕರೆ ಅಂಟಲು ಪುರಸೊತ್ತೆಲ್ಲಿ? ಹಾಗಾಗಿ ಅಂಕಿ ಕಮ್ಮಿ ಬರುತ್ತದೆ. ಬೆರಳು ಚುಚ್ಚಿ ಮನೆಯಲ್ಲಿ ನೋಡಿ ಬರೆದಿಟ್ಟ ಪುಸ್ತಕವೇ ಇಲ್ಲಿ ಹೆಚ್ಚು ನಂಬಿಕಸ್ಥ.

ಮಷೀನಿನ ಮೇಲೆ ಶುಗರ್ ಬಿದ್ದರೆ ಏನು ತಿನ್ನಬೇಕು? ಎಳನೀರು ಆಗುತ್ತದಾ?

ಆಗುವುದಿಲ್ಲ. ಎಳನೀರು, ಮೋಸಂಬಿ ರಸ, ಬಾಳೆಹಣ್ಣು ಎಲ್ಲದರಲ್ಲೂ ಪೊಟ್ಯಾಶಿಯಂ ಇದೆ. ಕಿಡ್ನಿ ಹೊರಗೆ ಹಾಕದಿದ್ದರೆ ಅದು ರಕ್ತದಲ್ಲಿ ಏರಿ ಹೃದಯದ ಬಡಿತ ಕೆಡಿಸುತ್ತದೆ. ನಮ್ಮ ಕರಾವಳಿಯವರಿಗೆ ಇದು ಹೇಳಿದರೆ ಬೇಜಾರು. ಸುಸ್ತು ಅಂದರೆ ಎಳನೀರು ಎಂದೇ ಬೆಳೆದವರು ನಾವು. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಸ್ವಲ್ಪವೇ ನೀರಿನಲ್ಲಿ ಸಾಕು. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. 70ಕ್ಕಿಂತ ಕೆಳಗೇ ಇದ್ದರೆ ಇನ್ನೊಂದು ಸಲ.

ಒಂದು ಮೋಸ ಗೊತ್ತಿರಲಿ. ಮೆಟೊಪ್ರೊಲಾಲ್, ಅಟೆನೊಲಾಲ್, ಕಾರ್ವೆಡಿಲಾಲ್ ಥರದ ಬಿಪಿ ಮಾತ್ರೆ ತಿನ್ನುವವರಿಗೆ ಶುಗರ್ ಬಿದ್ದಾಗ ಎದೆ ಬಡಿತ, ಕೈ ನಡುಕ ಗೊತ್ತಾಗುವುದಿಲ್ಲ. ಬೆವರು ಮಾತ್ರ ಬರುತ್ತದೆ. ಮುಂಬೈಯ ಮೇ ತಿಂಗಳಲ್ಲಿ ಬೆವರಿದರೆ ಯಾರು ಕೇಳುತ್ತಾರೆ? ಅಂಥವರು ಅನುಮಾನ ಬಂದರೆ ಬೆರಳು ಚುಚ್ಚಿಯೇ ನೋಡಬೇಕು.

ಫಾಸ್ಫರಸ್ ಮಾತ್ರೆ ಊಟದ ಮಧ್ಯೆಯೇ ಯಾಕೆ? ಮನೆಗೆ ಬಂದು ಒಟ್ಟಿಗೆ ತಿಂದರೆ ಆಗದಾ?

ಆಗದು. ಈ ಒಂದು ವಿಷಯಕ್ಕೆ ನಾನು ಮಾತಾಡಿದಷ್ಟು ಬೇರೆ ಯಾವುದಕ್ಕೂ ಮಾತಾಡಿಲ್ಲ.

ಲೆಕ್ಕ ನೋಡಿ. ಸಾಧಾರಣ ಊಟದಲ್ಲಿ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಫಾಸ್ಫರಸ್ ಬರುತ್ತದೆ. ಅದರಲ್ಲಿ 600ರಷ್ಟು ರಕ್ತಕ್ಕೆ ಸೇರುತ್ತದೆ ಎನ್ನಿ. ವಾರಕ್ಕೆ 4200 ಆಯಿತು. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಹೆಚ್ಚುಕಮ್ಮಿ 800. ವಾರಕ್ಕೆ ಮೂರು ಸಲಕ್ಕೆ 2400. ಉಳಿದ 1800 ಎಲ್ಲಿಗೆ ಹೋಗಬೇಕು? ವಾರಕ್ಕೆ ಎರಡೇ ಸಲ ಬರುವವರದ್ದು ಇನ್ನೂ ಕಷ್ಟ. ಆ ಬಾಕಿಯನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಹೊರಗೆ ಕಳಿಸುವುದೇ ಈ ಮಾತ್ರೆಯ ಕೆಲಸ. ಅದು ರಕ್ತಕ್ಕೆ ಹೋಗಿ ಮಾಡುವ ಕೆಲಸವಲ್ಲ. ಊಟ ಕರುಳಿನಲ್ಲಿ ಇರುವಾಗ ಮಾತ್ರೆಯೂ ಅಲ್ಲೇ ಇರಬೇಕು. ಊಟ ಆಗಿ ಎರಡು ಗಂಟೆ ಕಳೆದ ಮೇಲೆ ನುಂಗಿದರೆ ಲೋಕಲ್ ಹೋದ ಮೇಲೆ ಪ್ಲಾಟ್‌ಫಾರ್ಮಿಗೆ ಓಡಿ ಬಂದಂತೆ.

ಯಾವ ಮಾತ್ರೆ ಎಂಬುದೂ ಮುಖ್ಯ. ಕ್ಯಾಲ್ಶಿಯಂ ಕಾರ್ಬೊನೇಟ್, ಕ್ಯಾಲ್ಶಿಯಂ ಅಸಿಟೇಟ್ ಅಗ್ಗ. ಆದರೆ ಒಂದಷ್ಟು ಕ್ಯಾಲ್ಶಿಯಂ ಒಳಗೆ ಸೇರುತ್ತದೆ. ವರ್ಷಗಟ್ಟಲೆ ಆದರೆ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟುವ ಭಯ. ಸೆವೆಲಮರ್‌ನಲ್ಲಿ ಕ್ಯಾಲ್ಶಿಯಂ ಇಲ್ಲ. ಅದು ಕೆಟ್ಟ ಕೊಲೆಸ್ಟರಾಲನ್ನೂ ಸ್ವಲ್ಪ ಇಳಿಸುತ್ತದೆ. ಹೊಟ್ಟೆ ಉಬ್ಬರ, ಮಲಬದ್ಧತೆ ಅದರ ಕಾಟ. ಲ್ಯಾಂಥನಂ ಮಾತ್ರೆಯನ್ನು ಜಗಿದೇ ತಿನ್ನಬೇಕು. ಇಡೀ ನುಂಗಿ "ಏನೂ ಪ್ರಯೋಜನ ಇಲ್ಲ" ಎನ್ನುವವರಿದ್ದಾರೆ.

ಹೋಟೆಲಿನವರಿಗೆ ಒಂದು ಮಾತು. ನಿಮ್ಮ ಊಟ ಮಧ್ಯಾಹ್ನ ಮೂರೂವರೆಗೆ, ಗಿರಾಕಿ ಹೋದ ಮೇಲೆ ಅಲ್ವಾ? ಚೀಟಿಯಲ್ಲಿ ಬರೆದ "ಮಧ್ಯಾಹ್ನ 1" ಗಡಿಯಾರಕ್ಕಲ್ಲ, ಊಟಕ್ಕೆ. ಮಾತ್ರೆ ಅಂಗಿ ಜೇಬಿನಲ್ಲಿರಲಿ. ತಟ್ಟೆ ಮುಂದೆ ಬಂದಾಗ ತೆಗೆಯಿರಿ. ಬರೀ ಗಂಜಿ, ಉಪ್ಪಿನಕಾಯಿ ಆದರೆ ಫಾಸ್ಫರಸ್ ಕಮ್ಮಿ. ಮೀನು, ಮಾಂಸ, ಹಾಲು, ಪನೀರು ಇದ್ದ ಊಟಕ್ಕೇ ಮಾತ್ರೆ ಹೆಚ್ಚು ಬೇಕು. ಉಪ್ಪಿನಕಾಯಿಯ ಉಪ್ಪು ಬೇರೆ ಜಗಳ, ಅದನ್ನು ಇಲ್ಲಿ ಎತ್ತುವುದಿಲ್ಲ.

ಅಸಿಡಿಟಿಗೆ ಗುಲಾಬಿ ಬಣ್ಣದ ಸಿರಪ್ ಕುಡಿಯಬಹುದೇ?

ಕೇಳದೆ ಕುಡಿಯಬೇಡಿ. ಅಂಥ ಅನೇಕ ಸಿರಪ್‌ಗಳಲ್ಲಿ ಅಲ್ಯುಮಿನಿಯಂ, ಮೆಗ್ನೀಶಿಯಂ ಇರುತ್ತದೆ. ಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್‌ನಲ್ಲೂ ಅಲ್ಯುಮಿನಿಯಂ ಇದೆ. ಕಿಡ್ನಿ ಇಲ್ಲದವರಲ್ಲಿ ಅದು ಹೊರಗೆ ಹೋಗುವುದಿಲ್ಲ. ಮಿದುಳು, ಮೂಳೆಯಲ್ಲಿ ಕೂರುತ್ತದೆ. 1970ರ ದಶಕದಲ್ಲಿ ಹೊರದೇಶಗಳ ಡಯಾಲಿಸಿಸ್ ಸೆಂಟರುಗಳಲ್ಲಿ ರೋಗಿಗಳು ಮಾತು ತೊದಲಿ, ಮರೆವು ಬಂದು ಸಾಯುತ್ತಿದ್ದರು. ಕಾರಣ ನೀರಿನಲ್ಲಿದ್ದ ಅಲ್ಯುಮಿನಿಯಂ. ಫಾಸ್ಫರಸ್ಸಿಗೆಂದು ಕೊಡುತ್ತಿದ್ದ ಅಲ್ಯುಮಿನಿಯಂ ಔಷಧವೂ ಅದಕ್ಕೆ ಕೈ ಜೋಡಿಸಿತ್ತು. ನಮ್ಮ ಸೆಂಟರಿನ ಹಿಂದಿನ ಕೋಣೆಯಲ್ಲಿ ಗುರ್ ಎನ್ನುವ, ನೀರು ಶುದ್ಧ ಮಾಡುವ ಆರ್‌ಓ ಪ್ಲಾಂಟ್ ಇರುವ ಕಾರಣಗಳಲ್ಲಿ ಅದೂ ಒಂದು.

ಪಿಟಿಎಚ್ 900 ಅಂತೆ. ಇದು ಏನು ಹೊಸ ಕಾಯಿಲೆ?

ಹೊಸದಲ್ಲ, ಹಳೇ ಬಾಕಿ. ಗಂಟಲಿನಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಸಣ್ಣ ನಾಲ್ಕು ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಶಿಯಂ ಇಳಿದರೆ ಅವು ಪಿಟಿಎಚ್ ಬಿಟ್ಟು ಮೂಳೆಯಿಂದ ಕ್ಯಾಲ್ಶಿಯಂ ಎಳೆದು ತರುತ್ತವೆ. ಕಿಡ್ನಿ ಹೋದ ಮೇಲೆ ಫಾಸ್ಫರಸ್ ಏರುತ್ತದೆ, ವಿಟಮಿನ್ ಡಿ ಹದಕ್ಕೆ ಬರುವುದಿಲ್ಲ, ಕ್ಯಾಲ್ಶಿಯಂ ಇಳಿಯುತ್ತದೆ. ಪಾಪ, ಅವು ಹಗಲೂ ರಾತ್ರಿ ದುಡಿದು ದಪ್ಪಗಾಗುತ್ತವೆ. ಮೂಳೆ ನೋವು, ತುರಿಕೆ, ಕಾಲು ಸೋಲುವುದು ಆಮೇಲೆ.

ಇದಕ್ಕೆ ಎರಡು ಬಗೆಯ ಔಷಧ. ಒಂದು ಕ್ಯಾಲ್ಸಿಟ್ರಯಾಲ್ ಅಥವಾ ಆಲ್ಫಾಕ್ಯಾಲ್ಸಿಡಾಲ್, ಅಂದರೆ ಹದಕ್ಕೆ ಬಂದ ವಿಟಮಿನ್ ಡಿ. ಇದು ಪಿಟಿಎಚ್ ಇಳಿಸುತ್ತದೆ. ಆದರೆ ಕರುಳಿನಿಂದ ಕ್ಯಾಲ್ಶಿಯಂ, ಫಾಸ್ಫರಸ್ ಎರಡನ್ನೂ ಹೆಚ್ಚು ಹೀರುವಂತೆ ಮಾಡುತ್ತದೆ. ಇದರ ಜೊತೆ ಕ್ಯಾಲ್ಶಿಯಂ ಮಾತ್ರೆಯೂ ಜೋರಾಗಿದ್ದರೆ ರಕ್ತದಲ್ಲಿ ಕ್ಯಾಲ್ಶಿಯಂ ಏರಿ ಹಸಿವು ಸಾಯುತ್ತದೆ, ಮಲಬದ್ಧತೆ, ಮಂಕು. ಮನೆಯವರು "ವಯಸ್ಸಾಯ್ತು" ಎಂದುಕೊಳ್ಳುತ್ತಾರೆ.

ಇನ್ನೊಂದು ಸಿನಕ್ಯಾಲ್ಸೆಟ್, 2004ರಲ್ಲಿ ಬಂದದ್ದು. ಇದು ಗ್ರಂಥಿಗೆ "ಕ್ಯಾಲ್ಶಿಯಂ ಸಾಕಷ್ಟಿದೆ, ಸುಮ್ನಿರು" ಎಂದು ನಂಬಿಸುತ್ತದೆ. ಇದರಿಂದ ಕ್ಯಾಲ್ಶಿಯಂ ಇಳಿಯುತ್ತದೆ. ತುಟಿ ಸುತ್ತ ಜುಮ್ ಎನ್ನುವುದು, ಬೆರಳು ಸೆಳೆಯುವುದು, ಸ್ನಾಯು ಹಿಡಿಯುವುದು ಆದರೆ ಕೂಡಲೇ ಹೇಳಿ, ಹೃದಯದ ಬಡಿತವೂ ತಪ್ಪಬಹುದು. ವಾಕರಿಕೆ ಜಾಸ್ತಿ. ರಾತ್ರಿ ಊಟದ ಜೊತೆ ತಗೊಂಡರೆ ಎಷ್ಟೋ ಜನರಿಗೆ ತಡೆಯುತ್ತದೆ. ವಾಕರಿಕೆ ಎಂದು ಗುಟ್ಟಾಗಿ ಕಿಟಕಿಯಿಂದ ಎಸೆದು, ನನ್ನ ಹತ್ತಿರ "ತಿಂದೆ" ಎಂದವರ ಗುಟ್ಟು ಪಿಟಿಎಚ್ ರಿಪೋರ್ಟಿನಲ್ಲಿ ಹೊರಬೀಳುತ್ತದೆ.

ಪಿಟಿಎಚ್ ಸಾಧಾರಣದವರಷ್ಟಕ್ಕೆ ಇಳಿಸಿದರೆ ಒಳ್ಳೆಯದಲ್ಲವೇ ಎಂದು ಓದಿದವರು ಕೇಳುತ್ತಾರೆ. ಅಲ್ಲ. ಡಯಾಲಿಸಿಸ್‌ನವರಲ್ಲಿ ಮಾಮೂಲಿ ಮೇಲ್ಮಿತಿಯ 2ರಿಂದ 9 ಪಟ್ಟಿನ ಒಳಗೆ ಇಡಲು ನೋಡುತ್ತಾರೆ. ಲ್ಯಾಬಿನ ಮೇಲ್ಮಿತಿ 65 ಆದರೆ ಸುಮಾರು 130ರಿಂದ 585. ತೀರಾ ಇಳಿಸಿದರೆ ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದನ್ನೇ ನಿಲ್ಲಿಸಿ ಸುಲಭಕ್ಕೆ ಮುರಿಯುತ್ತದೆ. ಒಂದು ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಡಾಕ್ಟರು ನೋಡುತ್ತಾರೆ.

ಕೇಳಲು ನಾಚಿಕೆ. ಎದೆ ಹೆಂಗಸರ ಥರ ಊದಿಕೊಂಡಿದೆ, ನೋವು ಬೇರೆ.

ಈ ಪ್ರಶ್ನೆಯನ್ನು ಒಬ್ಬರು ನಾಲ್ಕು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಎರಡು ಅಂಗಿ ಹಾಕಿಕೊಂಡು ಬರುತ್ತಿದ್ದರು. ಮುಂಬೈಯ ಸೆಕೆಯಲ್ಲಿ ಯಾಕಣ್ಣಾ ಎರಡು ಅಂಗಿ ಎಂದು ನಾನೇ ಕೇಳಿದ ಮೇಲೆ ಬಾಯಿ ಬಿಟ್ಟರು. ಅವರ ಮಾತ್ರೆ ಚೀಲ ಸುರಿದು ನೋಡಿದರೆ, ಮನೆ ಹತ್ತಿರದ ದವಾಖಾನೆಯಲ್ಲಿ ಗ್ಯಾಸಿಗೆ ಕೊಟ್ಟ ಕ್ಯಾಪ್ಸೂಲು. ಅದರಲ್ಲಿ ಲೆವೊಸಲ್ಪಿರೈಡ್ ಇತ್ತು. ಹತ್ತು ದಿನಕ್ಕೆ ಬರೆದದ್ದನ್ನು ಆರು ತಿಂಗಳು ತಿಂದಿದ್ದರು.

ನಡೆದದ್ದು ಇಷ್ಟು. ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಡಯಾಲಿಸಿಸ್‌ನವರಲ್ಲಿ ಮೊದಲೇ ಜಾಸ್ತಿ, ಹೊರಗೆ ಹೋಗುವ ದಾರಿ ಮುಚ್ಚಿದೆಯಲ್ಲ. ಅದನ್ನು ಹದ್ದುಬಸ್ತಿನಲ್ಲಿಡುವುದು ಮಿದುಳಿನ ಡೋಪಮಿನ್ ಎಂಬ ರಾಸಾಯನಿಕ. ಲೆವೊಸಲ್ಪಿರೈಡ್, ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್ ಈ ಮೂರೂ ಡೋಪಮಿನ್ನಿಗೆ ತಡೆ ಹಾಕುತ್ತವೆ. ಪ್ರೊಲ್ಯಾಕ್ಟಿನ್ ಇನ್ನೂ ಏರುತ್ತದೆ. ಗಂಡಸರಿಗೆ ಎದೆ ಊತ, ಆಸಕ್ತಿ ಕುಂದುವುದು. ಹೆಂಗಸರಿಗೆ ಮುಟ್ಟು ತಪ್ಪುವುದು, ಕೆಲವರಿಗೆ ಎದೆಯಲ್ಲಿ ಹಾಲು. ಅಸಿಡಿಟಿ ಮಾತ್ರೆಯ ಹೆಸರಿನ ಕೊನೆಗೆ 'ಡಿ', 'ಡಿಎಸ್‌ಆರ್', 'ಎಲ್' ಎಂದೇನಾದರೂ ಬಾಲ ಇದ್ದರೆ ಒಳಗೆ ಇಂಥದ್ದೊಂದು ಇದೆಯೇ ಎಂದು ವಿಚಾರಿಸಿ. ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆಯಿಂದಲೂ ಎದೆ ಊದುತ್ತದೆ, ಪೊಟ್ಯಾಶಿಯಂ ಬೇರೆ ಏರುತ್ತದೆ. ಒಂದೇ ಕಡೆ ಗಟ್ಟಿ ಗಡ್ಡೆಯಾದರೆ ಮಾತ್ರೆಯ ಮೇಲೆ ಹಾಕಿ ಕೂರಬೇಡಿ, ತೋರಿಸಿ.

ಆ ಎರಡು ಅಂಗಿಯ ಅಣ್ಣನಿಗೆ ಡಾಕ್ಟರು ಕ್ಯಾಪ್ಸೂಲು ನಿಲ್ಲಿಸಿದರು. ಕೆಲವು ವಾರ ಬಿಟ್ಟು ನೋವು ಹೋಯಿತು. ಈಗ ಒಂದೇ ಅಂಗಿ.

ಗಂಡ ಹೆಂಡತಿ ಸಂಬಂಧ, ಮುಟ್ಟು, ಮಕ್ಕಳು?

ಗಂಡಸರಲ್ಲಿ ಟೆಸ್ಟೊಸ್ಟಿರಾನ್ ಇಳಿದಿರುತ್ತದೆ. ರಕ್ತ ಕಮ್ಮಿ, ಸುಸ್ತು, ಶುಗರ್, ಬಿಪಿ ಮಾತ್ರೆ, ಮನಸ್ಸಿನ ಭಾರ ಎಲ್ಲ ಸೇರುತ್ತದೆ. ಎರಿತ್ರೋಪೊಯಿಟಿನ್‌ನಿಂದ ರಕ್ತ ಸುಧಾರಿಸಿದ ಮೇಲೆ ಕೆಲವರಿಗೆ ಇದೂ ಸುಧಾರಿಸುತ್ತದೆ. ಸಿಲ್ಡೆನಫಿಲ್ ಥರದ ಮಾತ್ರೆಯನ್ನು ಗೆಳೆಯರಿಂದ ಇಸ್ಕೊಂಡು ತಿನ್ನಬೇಡಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ಇದ್ದರೆ ಇವೆರಡೂ ಸೇರಿ ಬಿಪಿ ಪಾತಾಳಕ್ಕೆ ಹೋಗುತ್ತದೆ.

ಹೆಂಗಸರಲ್ಲಿ ಮುಟ್ಟು ನಿಂತದ್ದು ಡಯಾಲಿಸಿಸ್ ಚೆನ್ನಾಗಿ ಆದ ಮೇಲೆ ಮತ್ತೆ ಬರಬಹುದು. ಮುಟ್ಟು ಸರಿಯಿಲ್ಲ, ಹಾಗಾಗಿ ಗರ್ಭ ನಿಲ್ಲದು ಎಂದು ತಿಳಿಯಬೇಡಿ. ಅಪರೂಪಕ್ಕೆ ನಿಲ್ಲುತ್ತದೆ. ಆಗ ಡಯಾಲಿಸಿಸ್ ಗಂಟೆಗಳನ್ನು ಬಹಳ ಹೆಚ್ಚಿಸಬೇಕಾಗುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ಮಗುವಿಗೆ ಕೆಡುಕು. ಮಕ್ಕಳು ಬೇಕು ಎಂಬ ಯೋಚನೆ ಇದ್ದರೆ ಸಿಸ್ಟರ್ ಹತ್ತಿರವಾದರೂ ಮೊದಲೇ ಹೇಳಿ.

ಥೈರಾಯ್ಡ್ ಮಾತ್ರೆ ಏರಿಸುತ್ತಲೇ ಇದ್ದಾರೆ, ಟಿಎಸ್‌ಎಚ್ ಇಳಿಯುತ್ತಿಲ್ಲ.

ಬೆಳಿಗ್ಗೆ ಥೈರಾಯ್ಡ್ ಮಾತ್ರೆ, ಅರ್ಧ ಗಂಟೆಗೆ ಇಡ್ಲಿ, ಇಡ್ಲಿ ಜೊತೆ ಕ್ಯಾಲ್ಶಿಯಂ ಅಥವಾ ಸೆವೆಲಮರ್. ಹೀಗೇ ತಾನೆ? ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್ನನ್ನು ಕ್ಯಾಲ್ಶಿಯಂ, ಕಬ್ಬಿಣ, ಸೆವೆಲಮರ್, ಲ್ಯಾಂಥನಂ ಎಲ್ಲವೂ ಕರುಳಿನಲ್ಲೇ ಕಟ್ಟಿಹಾಕುತ್ತವೆ. ನಾಲ್ಕು ಗಂಟೆ ಅಂತರ ಬೇಕು. ರಾತ್ರಿ ಊಟವಾಗಿ ಬಹಳ ಹೊತ್ತಾದ ಮೇಲೆ, ಮಲಗುವಾಗ ತಿನ್ನಬಹುದೇ ಎಂದು ಡಾಕ್ಟರನ್ನು ಕೇಳಿ. ಇನ್ನೊಂದು, ಡಯಾಲಿಸಿಸ್‌ನವರಲ್ಲಿ ಟಿ3 ಎಂಬ ಥೈರಾಯ್ಡ್ ಹಾರ್ಮೋನು ಸುಮ್ನೆ ಕಮ್ಮಿ ಕಾಣುವುದು ಮಾಮೂಲು. ಅದೊಂದನ್ನೇ ನೋಡಿ ಮಾತ್ರೆ ಶುರು ಮಾಡುವುದಿಲ್ಲ.

ಕೊಲೆಸ್ಟರಾಲ್ ಮಾತ್ರೆ ಬೇಕಾ?

ಮೊದಲೇ ತಿನ್ನುತ್ತಿದ್ದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಡಯಾಲಿಸಿಸ್ ಶುರುವಾದ ಮೇಲೆ ಹೊಸದಾಗಿ ಶುರು ಮಾಡಿ ನೋಡಿದ ಎರಡು ದೊಡ್ಡ ಅಧ್ಯಯನಗಳಲ್ಲಿ, 2005 ಮತ್ತು 2009ರಲ್ಲಿ, ಹೇಳಿಕೊಳ್ಳುವ ಲಾಭ ಸಿಗಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಷೀನಿನಲ್ಲಿ ಹಾಕುವ ಹೆಪಾರಿನ್ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಲೆಕ್ಕವನ್ನು ಸ್ವಲ್ಪ ಏರುಪೇರು ಮಾಡುತ್ತದೆ. ಹಾಗಾಗಿ ಟೆಸ್ಟಿಗೆ ರಕ್ತ ಕೊಡುವುದು ಮಷೀನಿಗೆ ಹಾಕುವ ಮುಂಚೆ.

ಹೊಟ್ಟೆಯ ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ಅಮ್ಮ ತಿನ್ನುವುದು ಇಷ್ಟೇ ಇಷ್ಟು, ತೂಕ ಮಾತ್ರ ಏರುತ್ತಿದೆ.

ಬಾಯಿಯಿಂದ ತಿನ್ನದಿದ್ದರೂ ಹೊಟ್ಟೆಯಿಂದ ತಿನ್ನುತ್ತಿದ್ದಾರೆ. ಸಿಎಪಿಡಿ ಅಂದರೆ ಹೊಟ್ಟೆಯ ಡಯಾಲಿಸಿಸ್. ಅದರಲ್ಲಿ ಹೊಟ್ಟೆಗೆ ತುಂಬಿಸುವ ಚೀಲದ ನೀರಿನಲ್ಲಿರುವುದು ಗ್ಲೂಕೋಸ್. 2 ಲೀಟರಿನ 1.5 ಶೇಕಡಾ ಚೀಲದಲ್ಲಿ 30 ಗ್ರಾಂ, 2.5 ಶೇಕಡಾ ಆದರೆ 50, 4.25 ಆದರೆ 85 ಗ್ರಾಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೈಗೆ ಸೇರುತ್ತದೆ. ದಿನಕ್ಕೆ ನಾಲ್ಕು ಚೀಲ ಎಂದರೆ ಲೆಕ್ಕ ಹಾಕಿ. ಶುಗರ್, ಟ್ರೈಗ್ಲಿಸರೈಡ್, ಹೊಟ್ಟೆಯ ಬೊಜ್ಜು ಮೂರೂ ಏರುತ್ತವೆ. ಉಪ್ಪು, ನೀರು ಹಿಡಿತದಲ್ಲಿದ್ದರೆ ಗ್ಲೂಕೋಸ್ ಜಾಸ್ತಿ ಇರುವ ಗಟ್ಟಿ ಚೀಲ ಕಮ್ಮಿ ಬೇಕಾಗುತ್ತದೆ.

ಗ್ಲೂಕೋಸ್ ಬದಲು ಐಕೊಡೆಕ್ಸ್‌ಟ್ರಿನ್ ಇರುವ ಚೀಲ ಹಾಕುವವರಿದ್ದರೆ ಇದನ್ನು ಫ್ರಿಜ್ ಮೇಲೆ ಅಂಟಿಸಿಡಿ. ಆ ಚೀಲದಿಂದ ರಕ್ತದಲ್ಲಿ ಮಾಲ್ಟೋಸ್ ಎಂಬ ಬೇರೆ ಸಕ್ಕರೆ ಸೇರುತ್ತದೆ. ಕೆಲವು ಬಗೆಯ ಗ್ಲೂಕೋಮೀಟರ್ ಪಟ್ಟಿಗಳಿಗೆ ಮಾಲ್ಟೋಸೂ ಗ್ಲೂಕೋಸೂ ಒಂದೇ. ನಿಜಕ್ಕೂ 60 ಇದ್ದಾಗ 200 ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ಚುಚ್ಚಿದರೆ ಕಥೆ ಮುಗಿಯಿತು. ಮಾಲ್ಟೋಸ್‌ಗೆ ಮೋಸ ಹೋಗದ ಪಟ್ಟಿ ಯಾವುದು ಎಂದು ಸಿಎಪಿಡಿ ಸಿಸ್ಟರ್ ಹತ್ತಿರ ಕೇಳಿಯೇ ಕೊಳ್ಳಿ. ಬೇರೆ ಆಸ್ಪತ್ರೆಗೆ ಎಮರ್ಜೆನ್ಸಿಗೆ ಹೋದರೆ ಮೊದಲ ಮಾತು ಇದೇ ಆಗಿರಲಿ.

ಮಂಡಿ ನೋವಿನ ಮಾತ್ರೆ, ಊರಿನ ಕಷಾಯ?

ನೋವಿಗೆ ಡೈಕ್ಲೋಫೆನಾಕ್ ನೀವೇ ತಗೋಬೇಡಿ. ಸ್ವಲ್ಪ ಮೂತ್ರ ಇನ್ನೂ ಬರುತ್ತಿದ್ದರೆ ಅದೂ ನಿಲ್ಲಬಹುದು. ಬೆನ್ನು ಹಿಡಿದದ್ದಕ್ಕೆ ಬ್ಯಾಕ್ಲೋಫೆನ್ ತಿಂದು ಎರಡು ದಿನ ಎಚ್ಚರ ತಪ್ಪಿದವರನ್ನು ನಾವು ಮಷೀನಿಗೆ ಹಾಕಿ ಎಬ್ಬಿಸಿದ್ದೇವೆ. ಕಷಾಯದ ಬಗ್ಗೆ ಜಗಳ ಆಡುವುದಿಲ್ಲ. ಬಾಟಲಿ ತಂದು ತೋರಿಸಿ. ಒಳಗೆ ಏನಿದೆ ಎಂದು ಕೊಟ್ಟವರಿಗೇ ಗೊತ್ತಿಲ್ಲದಿದ್ದರೆ ಬೇಡ.

ಹತ್ತು ದಿನ ಊರಿಗೆ ಹೋಗಬೇಕು, ಮಾತ್ರೆ ಇಂಜೆಕ್ಷನ್ ಏನು ಮಾಡಲಿ?

ಮೊದಲು ಉಡುಪಿಯಲ್ಲೋ ಮಂಗಳೂರಿನಲ್ಲೋ ಡಯಾಲಿಸಿಸ್ ಜಾಗ ಗೊತ್ತು ಮಾಡಿ, ಆಮೇಲೆ ಮತ್ಸ್ಯಗಂಧ ರೈಲಿನ ಟಿಕೆಟ್. ಎರಿತ್ರೋಪೊಯಿಟಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಐಸ್ ಫ್ಲಾಸ್ಕಿನಲ್ಲಿ ಬಟ್ಟೆ ಸುತ್ತಿ ಇಡಿ, ಐಸಿಗೆ ತಾಗಿಸಬೇಡಿ. ಹೆಪ್ಪುಗಟ್ಟಿದರೆ ಔಷಧ ಸತ್ತಂತೆ. ಅಲ್ಲಾಡಿಸಲೂ ಬಾರದು. ಇನ್ಸುಲಿನ್ನೂ ಹೆಪ್ಪುಗಟ್ಟಬಾರದು. ಫಾಸ್ಫರಸ್ ಮಾತ್ರೆ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ. ರತ್ನಾಗಿರಿ ದಾಟುವಾಗ ಊಟ ಬಿಚ್ಚುತ್ತೀರಲ್ಲ, ಆಗ ಬೇಕಾಗುತ್ತದೆ.

ಹೊರಡುವ ಹಿಂದಿನ ಪಾಳಿಯಲ್ಲಿ ಇಡೀ ಮಾತ್ರೆ ಚೀಲ ಸೆಂಟರಿಗೆ ತನ್ನಿ. ಅರ್ಧ ಖಾಲಿಯಾದ ಪಟ್ಟಿ, ಮೊಮ್ಮಗನ ಶೀತದ ಸಿರಪ್, ನೆರೆಮನೆಯವರು ಕೊಟ್ಟ ಗ್ಯಾಸ್ ಮಾತ್ರೆ, ಏನೂ ಬಿಡದೆ. ನಾಲ್ಕು ಗಂಟೆ ಮಲಗಿರುತ್ತೀರಿ, ನಾನು ಸ್ಟೂಲ್ ಎಳೆದುಕೊಂಡು ಕೂತು ಒಂದೊಂದರ ಮೇಲೂ ಕನ್ನಡದಲ್ಲಿ ಚೀಟಿ ಅಂಟಿಸಿ ಕೊಡುತ್ತೇನೆ.